ಗೇರ್ ಇಲ್ಲದ ಸೈಕಲ್ಲಿಗೂ ಜಾಗ ಕೊಡಿ

ಈ ದಸರಾ ರಜೆಯಲ್ಲಿ ನಮ್ಮ ಕಾಲೇಜಿನ ಹನ್ನೆರಡು ಮಂದಿ ವಿದ್ಯಾರ್ಥಿಗಳು, ಇಬ್ಬರು ಉಪನ್ಯಾಸಕರ ಜೊತೆ, ಕಾವೇರಿಯ ಎರಡು ದ್ವೀಪಗಳಿಗೆ ಸೈಕಲ್ಲಿನಲ್ಲಿ ಹೋಗುವುದೆಂದು ತೀರ್ಮಾನವಾಗಿದೆ. ಮೊದಲ ದಿನ ಮೈಸೂರಿನಿಂದ ಶ್ರೀರಂಗಪಟ್ಟಣ. ಎರಡನೆಯ ದಿನ ಅರಕೆರೆ, ಬನ್ನೂರು, ಮಳವಳ್ಳಿ ದಾರಿಯಾಗಿ ಶಿವನಸಮುದ್ರ. ಮೂರನೆಯ ದಿನ ವಾಪಸ್. ರಾತ್ರಿ ಟೆಂಟಿನಲ್ಲಿ ಮಲಗುವುದು, ಅಡುಗೆ ನಾವೇ ಮಾಡಿಕೊಳ್ಳುವುದು. ಕೇಳಿದಾಗ ನನಗೂ ಎಲ್ಲರಷ್ಟೇ ಖುಷಿಯಾಯಿತು.

ಆದರೆ ಎರಡನೇ ಸಭೆಯಲ್ಲಿ ಒಂದು ಷರತ್ತು ಬಂತು. ಗೇರ್ ಇರುವ, ದಪ್ಪ ಟೈರಿನ ಸೈಕಲ್ ಇದ್ದವರು ಮಾತ್ರ ಹೆಸರು ಕೊಡಬೇಕು. ಈ ಷರತ್ತು ಹಾಕಿದ್ದು ಉಪನ್ಯಾಸಕರಲ್ಲ, ನಾವೇ ವಿದ್ಯಾರ್ಥಿಗಳು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮರುದಿನ ನನ್ನ ಬೆಂಚಿನ ಗೆಳೆಯ ತನ್ನ ಹೆಸರು ವಾಪಸ್ ತೆಗೆದುಕೊಂಡ. ಮನೆಯಲ್ಲಿ ಕೆಲಸ ಇದೆ ಎಂದ. ಅವನ ಹತ್ತಿರ ಇರುವುದು ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್. ಅದರಲ್ಲೇ ಅವನು ದಿನಾ ಒಂಬತ್ತು ಕಿ.ಮೀ. ತುಳಿದು ಕಾಲೇಜಿಗೆ ಬರುತ್ತಾನೆ, ಒಂಬತ್ತು ಕಿ.ಮೀ. ವಾಪಸ್ ಹೋಗುತ್ತಾನೆ. ನಮ್ಮ ಹನ್ನೆರಡು ಜನರಲ್ಲಿ ಅವನಷ್ಟು ಸೈಕಲ್ ತುಳಿಯುವವರು ಯಾರೂ ಇಲ್ಲ. ಅಂಥವನನ್ನೇ ನಾವು ಹೊರಗೆ ಇಟ್ಟೆವು. ಈ ಷರತ್ತು ತಪ್ಪು ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು ದಾರಿಯನ್ನು ನೋಡೋಣ. ನಾವು ಹಿಮಾಲಯಕ್ಕೆ ಹೋಗುತ್ತಿಲ್ಲ. ಮೈಸೂರಿನಿಂದ ಶ್ರೀರಂಗಪಟ್ಟಣ ಸುಮಾರು 15 ಕಿ.ಮೀ. ಆ ದ್ವೀಪದ ಉದ್ದವೇ ಸುಮಾರು 5 ಕಿ.ಮೀ. ದರಿಯಾ ದೌಲತ್, ಗುಂಬಜ್, ಸಂಗಮ, ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಕಟ್ಟಿದ ಕಲ್ಲಿನ ಸೇತುವೆ, ಎಲ್ಲವನ್ನೂ ಅರ್ಧ ದಿನದಲ್ಲಿ ಸುತ್ತಬಹುದು. ಮರುದಿನದ ದಾರಿ ಉದ್ದ, ಸುಮಾರು 75 ಕಿ.ಮೀ. ಆದರೂ ಬಹುಪಾಲು ಡಾಂಬರು. ಎರಡೂ ಕಡೆ ಭತ್ತ, ಕಬ್ಬು, ಕಾಲುವೆ. ಅಲ್ಲಲ್ಲಿ ಸಣ್ಣ ಏರು ಇದೆ. ಸುಸ್ತಾದರೆ ಇಳಿದು ತಳ್ಳಿದರಾಯಿತು, ಅದಕ್ಕೆ ಯಾರೂ ದಂಡ ಹಾಕುವುದಿಲ್ಲ.

ಇಂಥ ದಾರಿಗೆ ಯಾವ ಸೈಕಲ್ ಬೇಕು? ನನ್ನ ಮಾಮುಗೆ ಸೈಕಲ್ ಅಂಗಡಿ ಇದೆ. ಹೊಸ ಸೈಕಲ್ ಕೊಡಿಸಿ ಎಂದು ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ: “ಪೈಲೇ ಟೈರ್ ದೇಖ್, ಬಾದ್ ಮೇ ಗೇರ್ ಕೀ ಬಾತ್ ಕರ್.” ಮೊದಲು ಟೈರ್ ನೋಡು, ಗೇರಿನ ಮಾತು ಆಮೇಲೆ. ಅವತ್ತು ನನಗೆ ಸಿಟ್ಟು ಬಂದಿತ್ತು. ಈಗ ಅವರ ಮಾತನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಟೆಂಟ್ ಪ್ರವಾಸದ ಸೈಕಲ್ಲಿಗೆ ಬೇಕಾದದ್ದು ನಾಲ್ಕು. ಒಂದು, ಅದು ನಮ್ಮ ಎತ್ತರಕ್ಕೆ ಸರಿಯಾಗಿರಬೇಕು. ಅಡ್ಡ ಕಂಬಿಯ ಮೇಲೆ ಕಾಲು ಚಾಚಿ ನಿಂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು. ಎರಡು, ಹಿಂದೆ ಗಟ್ಟಿ ಕ್ಯಾರಿಯರ್ ಇರಬೇಕು. ಟೆಂಟ್, ಹೊದಿಕೆ, ಅಕ್ಕಿ, ನೀರು ಸೇರಿದರೆ ಒಬ್ಬೊಬ್ಬರಿಗೆ ಸುಲಭವಾಗಿ ಹತ್ತು ಕೆ.ಜಿ. ಆಗುತ್ತದೆ. ಒಂದು ಲೀಟರ್ ನೀರೇ ಒಂದು ಕೆ.ಜಿ. ಮೂರು, ಬ್ರೇಕ್ ಹಿಡಿಯಬೇಕು. ನಾಲ್ಕು, ಟೈರ್ ಚೆನ್ನಾಗಿರಬೇಕು. ಈ ನಾಲ್ಕರಲ್ಲಿ ಗೇರ್ ಇಲ್ಲ. ನಾವು ಆಸೆಪಡುವ ಸಸ್ಪೆನ್ಷನ್ ಸೈಕಲ್ಲುಗಳಲ್ಲಿ ಎಷ್ಟೋ ಸಲ ಕ್ಯಾರಿಯರೇ ಇರುವುದಿಲ್ಲ. ಬೆನ್ನಿಗೆ ಹತ್ತು ಕೆ.ಜಿ. ಬ್ಯಾಗ್ ಕಟ್ಟಿಕೊಂಡು 75 ಕಿ.ಮೀ. ತುಳಿದರೆ ಮರುದಿನ ಎದ್ದೇಳುವುದು ಕಷ್ಟ. ಹುಡುಗಿಯರ ಲೇಡೀಸ್ ಸೈಕಲ್ಲಿಗೂ ಇದೇ ಮಾತು. ಅದರಲ್ಲಿ ಕ್ಯಾರಿಯರ್ ಇದೆ, ಚೈನ್ ಕವರ್ ಇದೆ. ಚೂಡಿದಾರ್, ಬುರ್ಖಾ ಚೈನಿಗೆ ಸಿಕ್ಕುವುದಿಲ್ಲ.

ಇನ್ನು ಟೈರ್. ಗುಬುಟು ಗುಬುಟಿನ ದಪ್ಪ ಟೈರ್ ನೋಡಲು ಚೆಂದ. ಅದು ಕೆಸರು, ಕಚ್ಚಾ ದಾರಿಗೆ ಮಾಡಿದ್ದು. ಡಾಂಬರಿನ ಮೇಲೆ ಅದು ಗುಂಯ್ ಎಂದು ಸದ್ದು ಮಾಡುತ್ತಾ ನಮ್ಮ ಶಕ್ತಿಯನ್ನೇ ತಿನ್ನುತ್ತದೆ. ನಮ್ಮ ದಾರಿಗೆ ಒಂದೂವರೆಯಿಂದ ಎರಡು ಇಂಚು ಅಗಲದ, ಹೆಚ್ಚು ಗುಬುಟಿಲ್ಲದ ಟೈರ್ ಸಾಕು. ಗಾಳಿ ಎಷ್ಟಿರಬೇಕು ಎಂಬುದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಸಾಮಾನು ಹಿಂದೆ ಇರುವುದರಿಂದ ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚು ಹಾಕಬೇಕು.

ಅಳತೆಯಲ್ಲಿ ಒಂದು ಮೋಸವಿದೆ, ಅದನ್ನು ಎಲ್ಲರೂ ತಿಳಿದಿರಲಿ. 26 ಇಂಚು ಎಂದು ಬರೆದ ಟೈರುಗಳೆಲ್ಲ ಒಂದೇ ಅಲ್ಲ. ಟೈರಿನ ಮೇಲೆ 37-590, 50-559, 40-635 ಎಂಬಂಥ ಜೋಡಿ ಸಂಖ್ಯೆ ಹುಡುಕಿ. ಮೊದಲನೆಯದು ಅಗಲ, ಎರಡನೆಯದು ಟೈರ್ ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 590ರ ಟೈರ್ 559ರ ರಿಮ್ಮಿಗೆ ಕೂರುವುದೇ ಇಲ್ಲ, ಎರಡನ್ನೂ 26 ಎಂದೇ ಕರೆಯುತ್ತಾರೆ. ಹಳೇ ದೊಡ್ಡ ಸೈಕಲ್ಲಿನ 28 ಇಂಚಿನ ಟೈರ್ ಸಾಮಾನ್ಯವಾಗಿ 635. ಎರಡನೇ ಸಂಖ್ಯೆ ಹೊಂದಿದರೆ ಮಾತ್ರ ಹಣ ಕೊಡಿ.

ಬಾಯಿ ಮಾತು ಬೇಡ ಎಂದು ಒಂದು ಭಾನುವಾರ ನಾನೂ ಗೆಳೆಯನೂ ಕ್ಯಾರಿಯರ್ ಮೇಲೆ ಹತ್ತು ಹತ್ತು ಕೆ.ಜಿ. ಅಕ್ಕಿ ಕಟ್ಟಿಕೊಂಡು ಬನ್ನೂರಿನ ಕಡೆ ಹೊರಟೆವು. ನನ್ನದು ಅಣ್ಣನ ಗೇರ್ ಸೈಕಲ್, ಅದಕ್ಕೆ ಮಾಮು ಅಂಗಡಿಯಿಂದ ಒಂದು ಕ್ಯಾರಿಯರ್ ಹಾಕಿಸಿದ್ದೆ. ಅರ್ಧ ದಾರಿಯಲ್ಲಿ ಜಾಲಿ ಮುಳ್ಳು ಚುಚ್ಚಿ ನನ್ನ ಹಿಂದಿನ ಟೈರ್ ಕೂತಿತು. ಟ್ಯೂಬ್ ನೋಡಿದರೆ ಎರಡು ತೂತು. ಹತ್ತಿರದ ಹಳ್ಳಿಯ ಅಂಗಡಿಯಲ್ಲಿ ನನ್ನ ಅಳತೆಯ ಟ್ಯೂಬ್ ಇರಲಿಲ್ಲ. 28ರ ಟ್ಯೂಬ್ ಮಾತ್ರ ಮೊಳೆಗೆ ಸಾಲಾಗಿ ನೇತು ಹಾಕಿದ್ದರು. ಕೊನೆಗೆ ಎರಡು ಪ್ಯಾಚ್ ಹಾಕಿಸಿಕೊಂಡು ವಾಪಸ್ ಬಂದೆವು. ಗೆಳೆಯ ಒಂದು ಮಾತೂ ಆಡಲಿಲ್ಲ. ನನ್ನ ಅಕ್ಕಿ ಚೀಲವನ್ನೂ ತನ್ನ ಕ್ಯಾರಿಯರ್ ಮೇಲೆ ಇಟ್ಟುಕೊಂಡ.

ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಹೇಳದೆ ಬಿಡುವುದಿಲ್ಲ. ನಾನು ನೋಡಿದ್ದ ಗೇರ್ ಸೈಕಲ್ಲಿಗೆ 15,000 ರೂಪಾಯಿ. ಮೂರು ದಿನದ ಪ್ರವಾಸಕ್ಕೆ ಅಂದರೆ ದಿನಕ್ಕೆ 5,000. ಗೆಳೆಯನ ಸೈಕಲ್ಲಿಗೆ ಮಾಮು ಬರೆದುಕೊಟ್ಟ ಚೀಟಿ ಹೀಗಿದೆ: ಎರಡು ಟೈರ್ 700, ಎರಡು ಟ್ಯೂಬ್ 300, ಜೊತೆಗೆ ಒಯ್ಯಲು ಇನ್ನೊಂದು ಟ್ಯೂಬ್ 150, ಬ್ರೇಕ್ ರಬ್ಬರ್ 100, ಗ್ರೀಸ್ ಮತ್ತು ಕೂಲಿ 250. ಒಟ್ಟು 1,500. ಇದು ಪ್ರವಾಸ ಮುಗಿದ ಮೇಲೂ ದಿನಾ ಕಾಲೇಜಿಗೆ ಬರುವ ಸೈಕಲ್ಲಿನಲ್ಲೇ ಉಳಿಯುವ ಖರ್ಚು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ 15,000 ರೂಪಾಯಿಯನ್ನು ಅಬ್ಬಾ ಯೋಚಿಸದೆ ಕೊಡಬಲ್ಲರು? ಕೊಡಲಾರದವನು ಹಣವಿಲ್ಲ ಎಂದು ಹೇಳುವುದಿಲ್ಲ, ಮನೆಯಲ್ಲಿ ಕೆಲಸ ಇದೆ ಎನ್ನುತ್ತಾನೆ.

ಗೇರ್ ಸೈಕಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎದುರು ಗಾಳಿಯಲ್ಲಿ, ಏರಿನಲ್ಲಿ ಗೇರ್ ನಿಜವಾಗಿ ಸಹಾಯ ಮಾಡುತ್ತದೆ. ಹಳೇ ಸೈಕಲ್ಲಿನ ಸ್ಟೀಲ್ ರಿಮ್ ಮಳೆಯಲ್ಲಿ ಒದ್ದೆಯಾದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ ಎಂಬುದೂ ನಿಜ. ಅದಕ್ಕೆ ಮಳೆ ಬಂದರೆ ಎಲ್ಲರೂ ನಿಧಾನ ಹೋಗಬೇಕು, ಇಳಿಜಾರಿನಲ್ಲಿ ಇಳಿದು ನಡೆಯಬೇಕು. ಇರುವವರು ಗೇರ್ ಸೈಕಲ್ ತರಲಿ. ಇಲ್ಲದವರನ್ನು ತಡೆಯುವುದು ಬೇಡ.

ಷರತ್ತು ಬೇಕೇ ಬೇಕೆಂದರೆ ನನ್ನ ಸಲಹೆ ಇದು. ಹೊರಡುವ ಹದಿನೈದು ದಿನ ಮೊದಲು ಎಲ್ಲ ಸೈಕಲ್ಲುಗಳನ್ನೂ ಕಾಲೇಜಿನ ಮೈದಾನದಲ್ಲಿ ಪರೀಕ್ಷಿಸೋಣ. ಬ್ರೇಕ್, ಟೈರ್, ಕ್ಯಾರಿಯರ್ ಮೂರೂ ಸರಿ ಇದ್ದರೆ ಪಾಸ್. ಮಾಮು ಆ ದಿನ ಬರಲು ಒಪ್ಪಿದ್ದಾರೆ, ಕೂಲಿ ಬೇಡ ಎಂದಿದ್ದಾರೆ. ನಂತರ ಒಂದು ಭಾನುವಾರ ಸಾಮಾನು ಕಟ್ಟಿಕೊಂಡು ಎಲ್ಲರೂ 30 ಕಿ.ಮೀ. ತುಳಿಯೋಣ. ಪ್ರತಿ ಅಳತೆಯ ಟ್ಯೂಬ್, ಪ್ಯಾಚ್, ಸಲ್ಯೂಷನ್, ಸ್ಪ್ಯಾನರ್, ಎರಡು ಬಗೆಯ ವಾಲ್ವಿಗೂ ಆಗುವ ಪಂಪ್, ಇವೆಲ್ಲ ತಂಡದ ಖರ್ಚಿನಲ್ಲಿ ಒಂದೇ ಚೀಲದಲ್ಲಿರಲಿ. ದಾರಿಯಲ್ಲಿ ಎಲ್ಲರಿಗಿಂತ ನಿಧಾನ ಹೋಗುವವರು ಮುಂದೆ ಇರಲಿ, ಆಗ ಯಾರೂ ಹಿಂದೆ ಉಳಿಯುವುದಿಲ್ಲ.

ಇನ್ನೊಂದು ಮಾತು. ಟೆಂಟನ್ನು ನದಿಯ ಮರಳಿನ ಮೇಲೆ ಹಾಕುವ ಆಸೆ ಯಾರಿಗೂ ಬೇಡ. ಶ್ರೀರಂಗಪಟ್ಟಣದ ಮೇಲ್ಗಡೆ ಕೆ.ಆರ್.ಎಸ್. ಇದೆ, ಶಿವನಸಮುದ್ರಕ್ಕೆ ಕಬಿನಿಯ ನೀರೂ ಸೇರಿ ಬರುತ್ತದೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಲಗಿದವರಿಗೆ ಗೊತ್ತಾಗುವುದಿಲ್ಲ. ಊರಿನವರನ್ನು ಕೇಳಿ, ಎತ್ತರದ ಜಾಗದಲ್ಲೇ ಹಾಕೋಣ.

ಮುಂದಿನ ಸಭೆ ಗುರುವಾರ ಕೊನೆಯ ಪೀರಿಯಡ್ ಆದ ಮೇಲೆ. ಹೋದ ಸಲ ಆ ಷರತ್ತಿಗೆ ಎತ್ತಿದ ಕೈಯನ್ನು ನಾನು ಇಳಿಸುತ್ತಿದ್ದೇನೆ. ನೀವೂ ಇಳಿಸಿ. ಗೆಳೆಯನ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಲು ಅವನನ್ನು ಕೇಳಿದ್ದೇನೆ. “ಮೊದಲು ಅವರು ಒಪ್ಪಲಿ” ಎಂದಿದ್ದಾನೆ.