ದೇಶ ಬಿಟ್ಟ ಇಂಜಿನಿಯರ್‌ನ ಬೈಯೋಕೆ ಮುಂಚೆ

(1/5)
"ಓದಿದ್ದು ಇಲ್ಲಿ, ದುಡಿಯೋದು ಅಲ್ಲಿ!" ಫಾರಿನ್‌ಗೆ ಹೋದ ಸೀನಿಯರ್‌ಗಳ ಬಗ್ಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೈಯೋದು ಸುಲಭ ಗುರು. ಯಾಕೆ ಹೋದ್ರು ಅಂತ ಯಾರೂ ಕೇಳಲ್ಲ. ಒಬ್ಬ ಸಿವಿಲ್ ಇಂಜಿನಿಯರ್ ಬಗ್ಗೆ ಹೇಳ್ತೀನಿ, ಆಮೇಲೆ ಬೈಯಿರಿ.

(2/5)
ಫಜ್ಲುರ್ ರಹಮಾನ್ ಖಾನ್. ಹುಟ್ಟಿದ್ದು 1929, ಢಾಕಾ. 1952ರಲ್ಲಿ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷದಲ್ಲಿ ಎರಡು ಮಾಸ್ಟರ್ಸ್, ಜೊತೆಗೆ ಪಿಎಚ್‌ಡಿ. ಆಮೇಲೆ ಏನಾಯ್ತು ಗೊತ್ತಾ? 1957ರಲ್ಲಿ ವಾಪಸ್ ಬಂದ್ರು! ಕರಾಚಿ ಅಭಿವೃದ್ಧಿ ಪ್ರಾಧಿಕಾರದಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರ್ ಆದ್ರು. ಹುದ್ದೆ ದೊಡ್ಡದೇ. ಆದರೆ ಆಡಳಿತದ ಕೆಲಸದಲ್ಲಿ ಡಿಸೈನ್ ಮಾಡೋಕೇ ಆಗ್ಲಿಲ್ಲ. ಬೇಸತ್ತು 1960ರಲ್ಲಿ ಮತ್ತೆ ಶಿಕಾಗೋ ಸೇರಿದರು.

(3/5)
ಎತ್ತರದ ಕಟ್ಟಡಕ್ಕೆ ದೊಡ್ಡ ಶತ್ರು ಗಾಳಿ. ಒಳಗೆಲ್ಲ ಕಂಬ ತುಂಬೋ ಬದಲು, ಹೊರಮೈಯನ್ನೇ ಟೊಳ್ಳು ಕೊಳವೆ ಥರ ಗಟ್ಟಿ ಮಾಡಿದ್ರು ಖಾನ್. ಬಿದಿರು ನೆನಪಿಸ್ಕೊಳ್ಳಿ. ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಚದರ ಮೀಟರಿಗೆ ಸುಮಾರು 206 ಕೆಜಿ ಉಕ್ಕು ಬೇಕಾಗಿತ್ತು. 100 ಮಹಡಿಯ ಜಾನ್ ಹ್ಯಾನ್‌ಕಾಕ್ ಸೆಂಟರ್‌ಗೆ ಸುಮಾರು 145 ಕೆಜಿ ಸಾಕಾಯ್ತು. ಆಮೇಲೆ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಜೊತೆ ಸಿಯರ್ಸ್ ಟವರ್: 110 ಮಹಡಿ, 442 ಮೀಟರ್. ಎರಡು ದಶಕಕ್ಕೂ ಹೆಚ್ಚು ಕಾಲ ಅದೇ ಜಗತ್ತಿನ ಅತಿ ಎತ್ತರದ ಕಟ್ಟಡ.

(4/5)
"ಹೋದವರು ಊರು ಮರೀತಾರೆ" ಅಂತೀರಾ? ಖಾನ್ 1967ರಲ್ಲೇ ಅಮೆರಿಕದ ಪ್ರಜೆ ಆಗಿದ್ರು. ಆದರೂ 1971ರ ಯುದ್ಧದ ಹೊತ್ತಿಗೆ ಶಿಕಾಗೋದಲ್ಲಿ ಬಂಗಾಳಿಗಳನ್ನ ಒಟ್ಟುಗೂಡಿಸಿ, ಸಂಘ ಕಟ್ಟಿ, ಬಾಂಗ್ಲಾದೇಶದ ಪರ ನಿಂತರು. 1982ರಲ್ಲಿ ತೀರಿಕೊಂಡರು. 1999ರಲ್ಲಿ ಬಾಂಗ್ಲಾದೇಶ ಅವರ ಅಂಚೆಚೀಟಿ ತಂದಿತು.

(5/5)
ಹೋದವರೆಲ್ಲ ಖಾನ್ ಅಲ್ಲ, ಒಪ್ಪಿದೆ. ದುಡ್ಡಿಗೇ ಹೋಗೋರೂ ಇದ್ದಾರೆ, ಅದೂ ತಪ್ಪಲ್ಲ. ಆದರೆ ವಾಪಸ್ ಬಂದವನ ಕೈಗೆ ಬರೀ ಫೈಲ್ ಕೊಟ್ಟು, ಅವನು ಹೊರಟಾಗ "ದೇಶಪ್ರೇಮ ಇಲ್ಲ" ಅನ್ನೋದು ಯಾವ ನ್ಯಾಯ? ಪ್ರತಿಭೆ ಹೊರಗೆ ಹೋಗ್ಬಾರದು ಅಂದ್ರೆ ಭಾಷಣ ಸಾಲದು, ಇಂಜಿನಿಯರ್‌ಗೆ ಇಂಜಿನಿಯರಿಂಗ್ ಕೆಲಸ ಕೊಡಬೇಕು. ಫೈನಲ್ ಇಯರ್‌ನವರೇ, ಇಂಟರ್‌ವ್ಯೂನಲ್ಲಿ ಪ್ಯಾಕೇಜ್ ಕೇಳಿ, ಬಿಡಬೇಡಿ. ಜೊತೆಗೆ ಇದನ್ನೂ ಕೇಳಿ: "ಮೊದಲ ವರ್ಷ ನಾನು ಏನು ಡಿಸೈನ್ ಮಾಡ್ತೀನಿ?" ಅಲ್ಲಿ ಸಿಗೋ ಉತ್ತರ ಕಾಮೆಂಟಲ್ಲಿ ಹಾಕಿ. ಯಾರು ಯಾಕೆ ಹೋಗ್ತಾರೆ ಅಂತ ಎಲ್ಲರಿಗೂ ಗೊತ್ತಾಗ್ಲಿ.

#ಸಿವಿಲ್‌ಇಂಜಿನಿಯರ್ #ಫಜ್ಲುರ್‌ಖಾನ್