ಬಂಕ್ ಬರಿದಾಗುವ ಬಗೆ

ಚಂಡಮಾರುತ ಬೆಂಗಳೂರಿನ ಮೇಲೆ ನೇರವಾಗಿ ಅಪ್ಪಳಿಸುವುದಿಲ್ಲ. ಅರಬ್ಬಿ ಸಮುದ್ರ ಮತ್ತು ಬಂಗಾಳಕೊಲ್ಲಿ ಎರಡರಿಂದಲೂ ಹೆಚ್ಚುಕಡಿಮೆ 300 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಊರಿಗೆ ಅದರಿಂದ ಬರುವುದು ಎರಡು ಮೂರು ದಿನದ ಜಿಟಿಜಿಟಿ ಮಳೆ, ಶೀತಗಾಳಿ, ಬುಡಸಮೇತ ಉರುಳಿದ ಕೆಲವು ಮರಗಳು. ಆದರೆ ಈ ಊರಿನ ವಾಹನಗಳಿಗೆ ಬೇಕಾದ ಎಣ್ಣೆ ಕಡಲ ತೀರದಿಂದಲೇ ಬರಬೇಕು. ವಾಯುಭಾರ ಕುಸಿತದ ಸುದ್ದಿ ಟಿವಿಯಲ್ಲಿ ಓಡತೊಡಗಿದಾಗ ಪಶ್ಚಿಮ ಬೆಂಗಳೂರಿನ ಹೊಸಹಳ್ಳಿಯ ಮನೆಗಳು ಕೊಡೆ, ರೇನ್‌ಕೋಟ್ ಹುಡುಕುತ್ತವೆ. ಬಂಕ್‌ಗೂ ಆ ಸುದ್ದಿಗೂ ಇರುವ ನಂಟು ಯಾರ ಗಮನಕ್ಕೂ ಬರುವುದಿಲ್ಲ.

ಆ ನಂಟು ನೆಲದಡಿಯ ಎರಡು ಕೊಳವೆಗಳಲ್ಲಿದೆ. ಪಶ್ಚಿಮದಲ್ಲಿ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರವಿದೆ, ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಅದರದು. ಅಲ್ಲಿಂದ ಘಟ್ಟ ಹತ್ತಿ, ಹಾಸನದ ಮೂಲಕ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಗೆ ಬರುವ 360 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆ ಮಾರ್ಗ 2003ರಲ್ಲಿ ಕೆಲಸ ಶುರು ಮಾಡಿತು. ಪೂರ್ವದಿಂದ ಇಂಡಿಯನ್ ಆಯಿಲ್‌ನ ಚೆನ್ನೈ–ಬೆಂಗಳೂರು ಕೊಳವೆ ಬರುತ್ತದೆ. ದೇವನಗೊಂದಿಯ ಟರ್ಮಿನಲ್‌ಗಳಲ್ಲಿ ಟ್ಯಾಂಕರ್ ಲಾರಿಗಳು ತುಂಬಿಕೊಂಡು ಊರೊಳಗೆ ಬರುತ್ತವೆ. ಹೊಸಹಳ್ಳಿ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಇವೆಲ್ಲ ಈ ದಾರಿಯ ಕಟ್ಟಕಡೆಯ ತುದಿ. ಊರಿನ ಪೂರ್ವದಂಚಿನಲ್ಲಿ ತುಂಬಿದ ಲಾರಿ ಪಶ್ಚಿಮದಂಚು ಮುಟ್ಟಬೇಕಾದರೆ ನಗರವನ್ನು ದಾಟಬೇಕು ಅಥವಾ ಸುತ್ತಿ ಬರಬೇಕು. ಭಾರಿ ವಾಹನಗಳಿಗೆ ಹಗಲಿನ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವಿದೆ. ಮಳೆ ಸುರಿದು ಅಂಡರ್‌ಪಾಸ್‌ಗಳು ತುಂಬಿ, ನಾಯಂಡಹಳ್ಳಿಯ ಬಳಿ ವೃಷಭಾವತಿ ಉಕ್ಕಿದರೆ ಲೋಡ್ ಇನ್ನೂ ತಡವಾಗುತ್ತದೆ. ಸಂಸ್ಕರಣಾಗಾರವೂ ಕೊಳವೆಯೂ ಸರಿಯಾಗಿದ್ದರೂ ಕೊನೆಯ ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ ಸರಪಳಿ ತುಂಡಾಗಬಹುದು. ಪಶ್ಚಿಮ ಬೆಂಗಳೂರಿನ ಮಟ್ಟಿಗೆ ದೊಡ್ಡ ಅಪಾಯ ಇದೇ.

ಎರಡು ಕಡಲುಗಳಿಂದ ಎಣ್ಣೆ ಬರುವುದು ದೊಡ್ಡ ಅನುಕೂಲ. ಚಂಡಮಾರುತಗಳ ಕಾಲ ಏಪ್ರಿಲ್‌ನಿಂದ ಜೂನ್‌ವರೆಗೆ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ. ಎರಡೂ ತೀರಗಳು ಒಂದೇ ವಾರ ಮುಚ್ಚಿಹೋಗುವ ಸಂಭವ ಕಡಿಮೆ. ಆದರೂ ಒಂದೊಂದು ತೀರದ ಪೆಟ್ಟು ಎಂಥದೆಂದು ಇತ್ತೀಚಿನ ವರ್ಷಗಳಲ್ಲಿ ಗೊತ್ತಾಗಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಕರ್ನಾಟಕದ ಕರಾವಳಿಯನ್ನು ಉಜ್ಜಿಕೊಂಡು ಗುಜರಾತಿನ ಕಡೆ ಸಾಗಿದಾಗ, ಎಂಆರ್‌ಪಿಎಲ್‌ಗೆ ನಡುಗಡಲಿನಲ್ಲಿ ಕಚ್ಚಾತೈಲ ಇಳಿಸುವ ತೇಲು ನಿಲ್ದಾಣದ ಕೆಲಸಕ್ಕಿದ್ದ ಎರಡು ದೋಣಿಗಳು ಸಿಕ್ಕಿಬಿದ್ದವು. ‘ಅಲಯನ್ಸ್’ ಎಂಬ ಟಗ್ ಮಗುಚಿ ಜೀವಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್’ ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಲುಕಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ರಕ್ಷಿಸಿದವು. ಬಂಕ್‌ನಲ್ಲಿ ನಿಂತು ನೂರು ರೂಪಾಯಿಗೆ ಹಾಕಿ ಎನ್ನುವವರ ಎಣ್ಣೆಯ ಹಿಂದೆ ಇಂಥ ದುಡಿಮೆ ಇದೆ.

ಪೂರ್ವದ ಪೆಟ್ಟು 2023ರ ಡಿಸೆಂಬರಿನದು. ಮಿಚಾಂಗ್ ಚಂಡಮಾರುತ ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲದ ಬಳಿ ನೆಲ ಮುಟ್ಟಿತಾದರೂ ಅದಕ್ಕೂ ಮೊದಲೇ ಚೆನ್ನೈಯನ್ನು ಮುಳುಗಿಸಿತ್ತು. ಡಿಸೆಂಬರ್ 4ರಂದು ಅಲ್ಲಿಗೆ ಇಳಿಯಬೇಕಿದ್ದ 33 ವಿಮಾನಗಳು ಬೆಂಗಳೂರಿಗೆ ತಿರುಗಿದವು. ಚೆನ್ನೈಯಲ್ಲಿ ಹಾಲಿಗೂ ಪೆಟ್ರೋಲಿಗೂ ಒಟ್ಟಿಗೇ ಅಭಾವ ಬಂತು. ನೀರು ನಿಂತು, ಕರೆಂಟ್ ಹೋಗಿ ಹಲವು ಬಂಕ್‌ಗಳು ಮುಚ್ಚಿದ್ದರಿಂದ ತೆರೆದಿದ್ದವುಗಳ ಮುಂದೆ ಉದ್ದ ಸಾಲು ಬೆಳೆಯಿತು. ಎಣ್ಣೆಯ ದಾಸ್ತಾನು ಊರಿನಲ್ಲೇ ಇದ್ದರೂ ಅದನ್ನು ಹೊರುವ ಲಾರಿಗೆ ದಾರಿಯಿಲ್ಲ, ಎತ್ತುವ ಪಂಪ್‌ಗೆ ವಿದ್ಯುತ್ತಿಲ್ಲ ಎಂಬ ಸ್ಥಿತಿ ಅದು.

ಇಷ್ಟು ಗಾಳಿಮಳೆಯ ಪಾಲು. ಉಳಿದದ್ದು ಜನರ ಪಾಲು, ಮತ್ತು ಹೆಚ್ಚಿನ ಸಲ ಇದೇ ದೊಡ್ಡದು. ಬಂಕ್ ನಡೆಯುವುದು ಒಂದು ನಂಬಿಕೆಯ ಮೇಲೆ: ಎಲ್ಲರೂ ಒಂದೇ ದಿನ ಬರುವುದಿಲ್ಲ, ಬಂದವರೆಲ್ಲ ಫುಲ್ ಟ್ಯಾಂಕ್ ಮಾಡಿಸುವುದಿಲ್ಲ. ಬೆಂಗಳೂರಿನಲ್ಲಿ ಒಂದು ಕೋಟಿಗೂ ಹೆಚ್ಚು ವಾಹನಗಳಿವೆ. ಮೂರರಲ್ಲಿ ಎರಡು ಪಾಲಿನಷ್ಟು ದ್ವಿಚಕ್ರ ವಾಹನಗಳೇ. ರಿಸರ್ವ್‌ಗೆ ಬಂದಾಗ ನೂರೋ ಇನ್ನೂರೋ ರೂಪಾಯಿಗೆ ಹಾಕಿಸುವುದು ಸಾಮಾನ್ಯ ಮನೆಗಳ ರೂಢಿ. ಅಂದರೆ ಯಾವುದೇ ಹೊತ್ತಿನಲ್ಲಿ ನಗರದ ಸ್ಕೂಟರು ಬೈಕುಗಳ ಟ್ಯಾಂಕ್‌ಗಳು ಬಹುಪಾಲು ಖಾಲಿಯಾಗಿಯೇ ಇರುತ್ತವೆ. ಒಂದು ಸಂಜೆಯ ವಾಟ್ಸಾಪ್ ಸಂದೇಶದಿಂದ 50 ಲಕ್ಷ ವಾಹನಗಳವರು ಎಂದಿಗಿಂತ ಎರಡೇ ಲೀಟರ್ ಹೆಚ್ಚು ಹಾಕಿಸಿದರು ಎಂದುಕೊಳ್ಳೋಣ. ಹೆಚ್ಚುವರಿ ಬೇಡಿಕೆ ಒಂದು ಕೋಟಿ ಲೀಟರ್. 20,000 ಲೀಟರಿನ ಟ್ಯಾಂಕರ್‌ಗಳ ಲೆಕ್ಕದಲ್ಲಿ 500 ಲೋಡ್. ದಿನನಿತ್ಯದ ಓಡಾಟಕ್ಕೆಂದು ಇರುವ ಲಾರಿಗಳು, ಚಾಲಕರು, ಟರ್ಮಿನಲ್‌ನ ತುಂಬುವ ಕೊಳವೆಗಳು ಇಷ್ಟನ್ನು ಒಂದೆರಡು ದಿನದಲ್ಲಿ ಹೆಚ್ಚುವರಿಯಾಗಿ ಸಾಗಿಸಲಾರವು. ಅಷ್ಟು ಪೆಟ್ರೋಲ್ ಎಲ್ಲಿಯೂ ಕಳೆದುಹೋಗಿರುವುದಿಲ್ಲ. ಬಂಕ್‌ನ ನೆಲದಡಿಯ ಟ್ಯಾಂಕ್‌ನಿಂದ ಮನೆ ಮುಂದೆ ನಿಂತ ಬೈಕುಗಳ ಟ್ಯಾಂಕ್‌ಗೆ ಹೋಗಿ ಸುಮ್ಮನೆ ಕುಳಿತಿರುತ್ತದೆ. ಆದರೆ ಮರುದಿನ ಬೆಳಿಗ್ಗೆ ಆಟೊ ತರುವ ಚಾಲಕನಿಗೆ ‘ನೋ ಸ್ಟಾಕ್’ ಬೋರ್ಡ್ ಕಾಣುತ್ತದೆ.

ಸಾಲು ತಾನೇ ಒಂದು ತೊಡಕು ಎಂಬುದೂ ಗಮನಿಸಬೇಕಾದದ್ದು. ಮಾಗಡಿ ರಸ್ತೆಯಂಥ ಕಡೆ ಬಂಕ್‌ನ ಸಾಲು ರಸ್ತೆಗೆ ಚಾಚಿಕೊಂಡರೆ ಬಸ್ಸು, ಆಂಬುಲೆನ್ಸ್ ಜೊತೆಗೆ ಲೋಡ್ ತಂದ ಟ್ಯಾಂಕರ್ ಕೂಡ ಸಾಲಿನ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಅದು ಒಳಗೆ ಬಂದ ಮೇಲೆ ಎಣ್ಣೆ ಇಳಿಸುವಷ್ಟು ಹೊತ್ತು ಸುರಕ್ಷತೆಗಾಗಿ ಮಾರಾಟ ನಿಲ್ಲಿಸಬೇಕು. ಆ ಬಿಡುವನ್ನೇ ‘ಪೆಟ್ರೋಲ್ ಮುಗಿಯಿತಂತೆ’ ಎಂದು ಸಾಲಿನ ತುದಿಯಲ್ಲಿರುವವರು ತಿಳಿಯುತ್ತಾರೆ. ಅಲ್ಲಿಂದ ಮುಂದಿನ ಬಂಕ್‌ಗೆ ಓಡುತ್ತಾರೆ, ಸುದ್ದಿಯನ್ನೂ ಒಯ್ಯುತ್ತಾರೆ. ಟ್ಯಾಂಕ್‌ನ ತಳದ ಕೊನೆಯ ಕೆಲವು ನೂರು ಲೀಟರ್ ಪಂಪ್‌ಗೆ ಎಟುಕುವುದಿಲ್ಲ. ಡೀಲರುಗಳು ಅದನ್ನು ಡೆಡ್ ಸ್ಟಾಕ್ ಎನ್ನುತ್ತಾರೆ. ಮಟ್ಟ ಅಳೆಯುವ ಡಿಪ್ ರಾಡ್ ಇಳಿಸಿ ನೋಡಿದರೆ ಎಣ್ಣೆ ಕಾಣುತ್ತದೆ, ಕೊಡಲಾಗುವುದಿಲ್ಲ. ಇಟ್ಟುಕೊಂಡೇ ಇಲ್ಲವೆನ್ನುತ್ತಿದ್ದಾರೆ ಎಂದು ಬಂಕ್ ಹುಡುಗರ ಮೇಲೆ ಕೈ ಮಾಡುವ ಜಗಳಗಳಲ್ಲಿ ಕೆಲವಕ್ಕಾದರೂ ಈ ಸಣ್ಣ ಸಂಗತಿ ತಿಳಿಯದಿರುವುದೇ ಕಾರಣ.

ಕರ್ನಾಟಕ ಇಂಥ ನೂಕುನುಗ್ಗಲನ್ನು ಚಂಡಮಾರುತವಿಲ್ಲದೆಯೇ ಕಂಡಿದೆ. 2022ರ ಜೂನ್‌ನಲ್ಲಿ ಉಕ್ರೇನ್ ಯುದ್ಧದಿಂದ ಕಚ್ಚಾತೈಲದ ಬೆಲೆ ಏರಿದ್ದರೂ ಬಂಕ್‌ಗಳಲ್ಲಿ ಚಿಲ್ಲರೆ ದರ ಏರದೆ ನಿಂತಿತ್ತು. ನಷ್ಟ ತಾಳಲಾರದೆ ಖಾಸಗಿ ಕಂಪನಿಗಳ ಬಂಕ್‌ಗಳು ಮಾರಾಟ ಇಳಿಸಿದವು. ಸಗಟು ಡೀಸೆಲ್ ಚಿಲ್ಲರೆಗಿಂತ ದುಬಾರಿಯಾದದ್ದರಿಂದ ಕಾರ್ಖಾನೆಗಳು, ಸಾರಿಗೆ ಸಂಸ್ಥೆಗಳು ಚಿಲ್ಲರೆ ಬಂಕ್‌ಗಳತ್ತ ಬಂದವು. ಬಿಎಂಟಿಸಿ ಬಸ್ಸುಗಳೂ ಅಲ್ಲಿ ಬಂದು ನಿಂತವು. ಬಿತ್ತನೆಯ ಕಾಲದ ಬೇಡಿಕೆಯೂ ಜೊತೆಗೂಡಿತು. ಜೂನ್ 15ರಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ ರಾಜಸ್ಥಾನ, ಮಧ್ಯಪ್ರದೇಶ ಮತ್ತು ಕರ್ನಾಟಕವನ್ನು ಹೆಸರಿಸಿಯೇ ನೂಕುನುಗ್ಗಲನ್ನು ಒಪ್ಪಿಕೊಂಡಿತು. ಕೆಲವೆಡೆ ಬೇಡಿಕೆ ಹಿಂದಿನ ವರ್ಷಕ್ಕಿಂತ ಶೇ 50ರಷ್ಟು ಏರಿದೆ ಎಂದಿತು. ಟರ್ಮಿನಲ್‌ಗಳಿಂದ ದೂರವಿರುವುದೂ ಒಂದು ಕಾರಣವೆಂದು ಅದೇ ಹೇಳಿಕೆಯಲ್ಲಿತ್ತು. ಎರಡು ದಿನಗಳ ಬಳಿಕ, ದೂರದ ಊರಿನವೂ ಸೇರಿದಂತೆ ಎಲ್ಲ ಖಾಸಗಿ ಬಂಕ್‌ಗಳೂ ನಿಗದಿತ ವೇಳೆಯಲ್ಲಿ ತೆರೆದು ಎಣ್ಣೆ ಮಾರಲೇಬೇಕು ಎಂಬ ಬಾಧ್ಯತೆಯನ್ನು ಸರ್ಕಾರ ವಿಧಿಸಿತು. ಸರಿಯಾದ ಕ್ರಮ, ಆದರೆ ಸಾಲುಗಳು ಬೆಳೆದ ಮೇಲೆ ಬಂದದ್ದು.

ಬೇಗ ಬಂದ ಕ್ರಮದ ಉದಾಹರಣೆ ಚಂಡೀಗಢದ್ದು. 2024ರ ಜನವರಿ 1 ಮತ್ತು 2ರಂದು ಭಾರತೀಯ ನ್ಯಾಯ ಸಂಹಿತೆಯ ಅಪಘಾತ ಕಲಮಿನ ವಿರುದ್ಧ ಟ್ರಕ್, ಟ್ಯಾಂಕರ್ ಚಾಲಕರು ಗಾಡಿ ನಿಲ್ಲಿಸಿದಾಗ ಹಲವು ರಾಜ್ಯಗಳ ಬಂಕ್‌ಗಳಿಗೆ ಜನ ಮುಗಿಬಿದ್ದರು. ಚಂಡೀಗಢ ಆಡಳಿತ ಎರಡನೆಯ ದಿನವೇ ದ್ವಿಚಕ್ರಕ್ಕೆ 2 ಲೀಟರ್, ನಾಲ್ಕು ಚಕ್ರಕ್ಕೆ 5 ಲೀಟರ್ ಎಂದು ಮಿತಿ ಹಾಕಿತು. ಅದೇ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿಯ ಜೊತೆ ಮಾತುಕತೆಯಾಗಿ ಮುಷ್ಕರ ಸಡಿಲಿತು. ಮಿತಿಯಿಂದ ಎಣ್ಣೆ ಹೆಚ್ಚುವುದಿಲ್ಲ, ನಿಜ. ಆದರೆ ಫುಲ್ ಟ್ಯಾಂಕ್ ಮಾಡಿಸುವ ಸ್ಪರ್ಧೆಗೆ ಅರ್ಥವೇ ಇಲ್ಲದಂತಾಗುತ್ತದೆ. ಸಾಲಿನ ಕೊನೆಯವರಿಗೂ ಎರಡು ಲೀಟರ್ ಸಿಗುತ್ತದೆ ಎಂದು ಗೊತ್ತಾದರೆ ಸಾಲಿನ ಗುಣವೇ ಬದಲಾಗುತ್ತದೆ.

ಅಮೆರಿಕದ ದಕ್ಷಿಣ ತೀರದಲ್ಲಿ ಇಂಥ ನೂಕುನುಗ್ಗಲಿನ ಬೆಲೆಯನ್ನು ಜೀವಗಳಲ್ಲಿ ತೆರಬೇಕಾಗಿ ಬಂದಿದೆ. 2005ರ ಸೆಪ್ಟೆಂಬರಿನಲ್ಲಿ, ಕತ್ರಿನಾ ಚಂಡಮಾರುತ ಕಳೆದು ತಿಂಗಳೂ ಆಗಿರದಾಗ, ರೀಟಾ ಬರುತ್ತಿದೆ ಎಂದು ಹ್ಯೂಸ್ಟನ್ ಪ್ರದೇಶದ ಲಕ್ಷಾಂತರ ಜನ ಒಮ್ಮೆಲೇ ಹೊರಟರು. ಹೆದ್ದಾರಿಗಳು ಗಂಟೆಗಟ್ಟಲೆ ನಿಂತವು. ನಿಂತಲ್ಲೇ ಎಂಜಿನ್ ಓಡಿಸಿ ಎಣ್ಣೆ ತೀರಿದ ಕಾರುಗಳು ದಾರಿಗೆ ಅಡ್ಡವಾದವು. ವೃದ್ಧರನ್ನು ಸಾಗಿಸುತ್ತಿದ್ದ ಬಸ್ಸಿಗೆ ಡಲ್ಲಾಸ್ ಸಮೀಪ ಬೆಂಕಿ ಹತ್ತಿ 23 ಜನ ಸತ್ತರು. ಆ ಚಂಡಮಾರುತದಲ್ಲಿ ಗಾಳಿನೀರಿನಿಂದ ಸತ್ತವರಿಗಿಂತ ಊರು ಬಿಡುವ ಗದ್ದಲದಲ್ಲಿ ಸತ್ತವರೇ ಹೆಚ್ಚು. ಅಲ್ಲಿಂದ ಕೆಲವು ಪಾಠಗಳು ಕಾನೂನಾದವು. ತೆರವಿನ ದಾರಿಗಳ ಸಮೀಪದ ಬಂಕ್‌ಗಳು ಜನರೇಟರ್ ಜೋಡಿಸಿಕೊಳ್ಳುವ ವ್ಯವಸ್ಥೆ ಹೊಂದಿರಬೇಕೆಂದು ಫ್ಲಾರಿಡಾ 2006ರಲ್ಲಿ ಶಾಸನ ಮಾಡಿತು. 2017ರ ಇರ್ಮಾ ಕಾಲದಲ್ಲಿ ಟ್ಯಾಂಕರ್‌ಗಳಿಗೆ ಹೆದ್ದಾರಿ ಪೊಲೀಸರು ಬೆಂಗಾವಲಾದರು; 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಬಂದಾಗಲೂ ಅದೇ ನಡೆಯಿತು. ಸ್ಯಾಂಡಿ ಅಪ್ಪಳಿಸಿದ 2012ರಲ್ಲಿ ನ್ಯೂಜೆರ್ಸಿಯ 12 ಕೌಂಟಿಗಳಲ್ಲಿ ನಂಬರ್ ಪ್ಲೇಟಿನ ಸಮ–ಬೆಸ ಲೆಕ್ಕದಲ್ಲಿ ದಿನ ಬಿಟ್ಟು ದಿನ ಪೆಟ್ರೋಲ್ ಕೊಟ್ಟರು.

ಬೆಂಗಳೂರು ಇವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಮೊದಲು ಬೇಕಾದದ್ದು ಲೆಕ್ಕ. ‘ಎಣ್ಣೆ ಸಾಕಷ್ಟಿದೆ, ಗಾಬರಿ ಬೇಡ’ ಎಂಬ ಪ್ರಕಟಣೆಯನ್ನು ಕಣ್ಣೆದುರು ಸಾಲು ನೋಡುತ್ತಿರುವವರು ನಂಬುವುದಿಲ್ಲ, ನಂಬಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಯಾವ ಬಂಕ್‌ನಲ್ಲಿ ಎಷ್ಟಿದೆ, ಮುಂದಿನ ಲೋಡ್ ಎಷ್ಟು ಹೊತ್ತಿಗೆ ಎಂಬುದನ್ನು ತೈಲ ಕಂಪನಿಗಳು ಬಡಾವಣೆವಾರು ಪ್ರಕಟಿಸಬೇಕು. ಬಂಕ್‌ಗಳ ಟ್ಯಾಂಕ್ ಮಟ್ಟ ಕಂಪ್ಯೂಟರಿನಲ್ಲೇ ಕಾಣುವ ಈ ಕಾಲದಲ್ಲಿ ಅದು ಆಗದ ಕೆಲಸವಲ್ಲ. ಹವಾಮಾನ ಇಲಾಖೆ ಚಂಡಮಾರುತದ ಮುನ್ಸೂಚನೆ ಕೊಡುವುದಕ್ಕೂ ಅದು ನೆಲ ಮುಟ್ಟುವುದಕ್ಕೂ ನಡುವೆ ಕೆಲವು ದಿನ ಸಿಗುತ್ತವೆ. ಆ ದಿನಗಳಲ್ಲಿ ಟ್ಯಾಂಕರ್‌ಗಳಿಗೆ ಹಗಲಿನ ನಿರ್ಬಂಧ ಸಡಿಲಿಸಿ, ದೇವನಗೊಂದಿಯಿಂದ ಅತಿ ದೂರವಿರುವ ಪಶ್ಚಿಮದ ಬಂಕ್‌ಗಳನ್ನು ಮೊದಲು ತುಂಬಿಸಬೇಕು. ವಾಹನಕ್ಕಿಷ್ಟು ಎಂಬ ಮಿತಿಯನ್ನು ಸಾಲು ಹುಟ್ಟುವ ಮುನ್ನವೇ ಹೇರಬೇಕು. ಆಟೊ, ಆಂಬುಲೆನ್ಸ್, ಹಾಲಿನ ಗಾಡಿಗೆ ವಿನಾಯಿತಿ ಇರಬೇಕು. ಮಂಗಳೂರು ಮತ್ತು ಪಾದೂರಿನ ಬಂಡೆಯೊಳಗಿನ ತುರ್ತು ಸಂಗ್ರಹಗಳನ್ನು ತೋರಿಸಿ ಸಮಾಧಾನ ಹೇಳುವುದರಿಂದ ಪ್ರಯೋಜನವಿಲ್ಲ. ಎರಡೂ ಸೇರಿ 40 ಲಕ್ಷ ಟನ್ ಸಾಮರ್ಥ್ಯದವು, ಆದರೆ ಅಲ್ಲಿರುವುದು ಕಚ್ಚಾತೈಲ. ಅದು ದೇಶದ ಆಮದು ನಿಂತಾಗ ಬೇಕಾದದ್ದು. ನಾಳೆ ಬೆಳಿಗ್ಗೆಯ ಸ್ಕೂಟರಿಗೆ ಆಗುವುದಿಲ್ಲ.

ಹೊಸಹಳ್ಳಿಗೆ ಇನ್ನೊಂದು ಆಸರೆಯಿದೆ. ಮಾಗಡಿ ರಸ್ತೆ–ಮೈಸೂರು ರಸ್ತೆ ಮೆಟ್ರೊ 2015ರ ನವೆಂಬರಿನಲ್ಲಿ ಓಡತೊಡಗಿತು. ಈಗ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿನ ಹೊಸಹಳ್ಳಿ ನಿಲ್ದಾಣದಿಂದ ಊರಿನ ಪೂರ್ವ ತುದಿಯವರೆಗೂ ಒಂದು ಹನಿ ಪೆಟ್ರೋಲ್ ಇಲ್ಲದೆ ಹೋಗಬಹುದು. ಅಭಾವದ ವಾರದಲ್ಲಿ ಈ ನೇರಳೆ ಮಾರ್ಗದ ರೈಲುಗಳನ್ನು ಹೆಚ್ಚಿಸಿ, ನಿಲ್ದಾಣಗಳಿಗೆ ಫೀಡರ್ ಬಸ್ ಬಿಟ್ಟರೆ ಬಂಕ್‌ನ ಮುಂದಿನ ಸಾಲು ಕರಗುತ್ತದೆ.

ಮನೆಯಲ್ಲಿ ಪೆಟ್ರೋಲ್ ಕೂಡಿಡುವುದು ಬೇರೆಯೇ ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ನೆಲಕ್ಕಂಟಿ ಹರಿದು ದೂರದ ಕಿಡಿಯನ್ನು ತಲುಪುತ್ತದೆ. ಹಳೆಯ ಹೊಸಹಳ್ಳಿಯ ವಠಾರಗಳಲ್ಲಿ ಮೆಟ್ಟಿಲ ಕೆಳಗೇ ಬೈಕು, ಅದರ ಪಕ್ಕದ ಗೋಡೆಯಾಚೆ ಅಡುಗೆಮನೆ. ಅಲ್ಲಿ ಕ್ಯಾನಿನಲ್ಲಿ ಐದು ಲೀಟರ್ ಇಟ್ಟರೆ ಇಡೀ ವಠಾರವೇ ಆಪತ್ತಿಗೆ ಸಿಕ್ಕಂತೆ. ಮಳೆಗೆ ಕರೆಂಟ್ ಹೋಗಿ ಮೇಣದ ಬತ್ತಿ ಹಚ್ಚುವ ರಾತ್ರಿಗಳಲ್ಲಂತೂ ಇನ್ನೂ ಹೆಚ್ಚು. ಪ್ಲಾಸ್ಟಿಕ್ ಬಾಟಲಿಗೆ ಹಾಕುವುದಿಲ್ಲ ಎಂದು ಬಂಕ್‌ನವರು ಹೇಳುವುದು ಹಟದಿಂದಲ್ಲ.

ಡೀಸೆಲಿನ ಮಾತು ಪ್ರತ್ಯೇಕ, ಮತ್ತು ಹೆಚ್ಚು ಗಂಭೀರ. ಗಾಳಿಗೆ ಮರ ಬಿದ್ದು ತಂತಿ ಹರಿದಾಗ ಆಸ್ಪತ್ರೆಯ ಐಸಿಯು, ಡಯಾಲಿಸಿಸ್ ಘಟಕ, ಮೊಬೈಲ್ ಟವರ್, ಅಪಾರ್ಟ್‌ಮೆಂಟಿನ ಲಿಫ್ಟ್ ಎಲ್ಲವೂ ಜನರೇಟರಿನ ಮೇಲೆ ನಿಲ್ಲುತ್ತವೆ. ಪಶ್ಚಿಮ ಬೆಂಗಳೂರಿನಲ್ಲಿ ಸಣ್ಣ ನರ್ಸಿಂಗ್ ಹೋಮ್‌ಗಳು ಬಹಳ. ದೊಡ್ಡ ಆಸ್ಪತ್ರೆಯಂತೆ ಅವಕ್ಕೆ ದಿನಗಟ್ಟಲೆಯ ಸಂಗ್ರಹವಿರುವುದಿಲ್ಲ. ಪ್ರತಿ ಬಡಾವಣೆಯಲ್ಲಿ ಒಂದೆರಡು ಬಂಕ್ ಗುರುತಿಸಿ, ಅವುಗಳಲ್ಲಿ ಇಷ್ಟು ಡೀಸೆಲ್ ಆಸ್ಪತ್ರೆಗೆಂದೇ ಮೀಸಲು ಎಂಬ ಆದೇಶ ಮಳೆಗಾಲಕ್ಕೂ ಮೊದಲೇ ಆಗಿರಬೇಕು. ಮೀಸಲು ಬಂಕ್‌ಗೆ ಜನರೇಟರ್ ಇದೆಯೇ ಎಂದು ನೋಡಿಯೇ ಆರಿಸಬೇಕು. ಇಲ್ಲದಿದ್ದರೆ ತುಂಬಿದ ಟ್ಯಾಂಕ್ ಇದ್ದೂ ಎಣ್ಣೆ ಮೇಲೆ ಬರುವುದಿಲ್ಲ.

ಮಳೆ ನಿಂತ ಮೇಲಿನ ಒಂದು ತೊಂದರೆ ಈಗಿನ ಪೆಟ್ರೋಲಿನಿಂದ ಹುಟ್ಟಿದ್ದು. ಅದರಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತಿದೆ. ಬರಿಯ ಪೆಟ್ರೋಲಾದರೆ ಒಳಸೇರಿದ ನೀರು ತಳದಲ್ಲಿ ಬೇರೆಯಾಗಿ ಕೂರುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದೊಡನೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ಪಂಪ್ ಎಳೆಯುವುದು ಆ ಕೆಳಪದರದ ಹತ್ತಿರದಿಂದಲೇ. ಅದು ಹೊಕ್ಕ ಬೈಕು ನೂರು ಮೀಟರ್ ಹೋಗಿ ನಿಲ್ಲುತ್ತದೆ, ಟ್ಯಾಂಕ್ ಬಿಚ್ಚಿ ತೊಳೆಯದೆ ಮತ್ತೆ ಹೊರಡುವುದಿಲ್ಲ. ಆದ್ದರಿಂದ ನೀರು ನುಗ್ಗಿದ ಬಂಕ್ ಅಂಗಳ ಒಣಗಿದ ಕೂಡಲೇ ತೆರೆಯುವಂತಿಲ್ಲ. ಟ್ಯಾಂಕ್‌ನ ಮುಚ್ಚಳ, ಗಾಳಿ ಕೊಳವೆ ನೋಡಿ, ಡಿಪ್ ರಾಡಿಗೆ ನೀರು ಪತ್ತೆಹಚ್ಚುವ ಪೇಸ್ಟ್ ಸವರಿ ಇಳಿಸಿ, ಕೆಟ್ಟದ್ದನ್ನು ಹೊರತೆಗೆದು, ಹೊಸ ಲೋಡ್ ಇಳಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಇದಕ್ಕೆ ಒಂದು ದಿನವೂ ಹಿಡಿಯಬಹುದು. ಆ ಒಂದು ದಿನ ಬಂಕ್ ಮುಚ್ಚಿರುತ್ತದೆ ಎಂಬುದನ್ನು ಸೇರಿಸಿಯೇ ಪಕ್ಕದ ಬಂಕ್‌ನ ಲೋಡ್ ಲೆಕ್ಕ ಹಾಕಬೇಕು.