ದಾರಿ ಕೇಳಿದ ನ್ಯೂಮನ್‌ರಿಗೆ 12 ವರ್ಷ ಬೇಕಾಯಿತು

2025ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ, ಪೋಪ್ 14ನೇ ಲಿಯೋರವರು ಸಂತ ಜಾನ್ ಹೆನ್ರಿ ನ್ಯೂಮನ್‌ರವರನ್ನು ಧರ್ಮಸಭೆಯ ವಿದ್ವಾಂಸರೆಂದು ಘೋಷಿಸಿದರು. 'ಡಾಕ್ಟರ್ ಆಫ್ ದಿ ಚರ್ಚ್' ಎಂಬ ಈ ಬಿರುದು ಇದುವರೆಗೆ ಸಂದಿರುವುದು ಇವರನ್ನೂ ಸೇರಿಸಿ ಕೇವಲ 38 ಮಂದಿಗೆ. ಶಿಕ್ಷಣ ಕ್ಷೇತ್ರದವರ ಜುಬಿಲಿಯ ಸಂದರ್ಭದಲ್ಲಿ ನಡೆದ ಈ ಸಮಾರಂಭದಲ್ಲಿ, ಸಂತ ತೋಮಸ್ ಅಕ್ವಿನಾಸರೊಂದಿಗೆ ಕಥೋಲಿಕ ಶಿಕ್ಷಣದ ಪಾಲಕ ಸಂತರ ಸ್ಥಾನವನ್ನೂ ನ್ಯೂಮನ್‌ರಿಗೆ ನೀಡಲಾಯಿತು.

ಇಂಗ್ಲೆಂಡಿನ ಕಾರ್ಡಿನಲರೊಬ್ಬರಿಗೆ ಸಿಕ್ಕ ಗೌರವದಿಂದ ನಮಗೇನು ಎಂದು ಕೇಳುವವರು ಇರಬಹುದು. ಆದರೆ 'ಕರುಣಾಳು ಬಾ ಬೆಳಕೆ' ಹಾಡನ್ನು ಶಾಲೆಯ ಅಸೆಂಬ್ಲಿಯಲ್ಲಿ ಹಾಡಿ ಬೆಳೆದವರು ನಮ್ಮಲ್ಲಿ ಅದೆಷ್ಟು ಮಂದಿ! ಬಿ.ಎಂ.ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಆ ಪ್ರಾರ್ಥನೆಯ ಮೂಲ ಕರ್ತೃ ಇದೇ ನ್ಯೂಮನ್. ಗಾಂಧೀಜಿಯವರಿಗೂ ಪ್ರಿಯವಾಗಿದ್ದ ಗೀತೆ ಅದು. ಜಾತಿ ಮತದ ಭೇದವಿಲ್ಲದೆ ಎಲ್ಲರೂ ಹಾಡುವ ಈ ಹಾಡು ಒಬ್ಬ ಕ್ರೈಸ್ತ ಸಂತರದ್ದೆಂದು ನಮ್ಮವರಲ್ಲೇ ಹಲವರಿಗೆ ತಿಳಿದಿರಲಾರದು. ತಿಳಿಯದಿದ್ದರೂ ಹಾಡಿಗೆ ನಷ್ಟವೇನೂ ಇಲ್ಲ, ಆ ಮಾತು ಬೇರೆ.

ಹಾಡು ಹುಟ್ಟಿದ ಸನ್ನಿವೇಶವನ್ನು ಕಡಲ ತೀರದವರಾದ ನಾವು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲೆವು. 1833ರಲ್ಲಿ ನ್ಯೂಮನ್‌ರಿಗೆ 32 ವರ್ಷ. ಆಗ ಅವರು ಆಂಗ್ಲಿಕನ್ ಸಭೆಯ ಗುರು, ಆಕ್ಸ್‌ಫರ್ಡಿನಲ್ಲಿ ಹೆಸರು ಮಾಡುತ್ತಿದ್ದ ವಿದ್ವಾಂಸ. ಸಿಸಿಲಿ ದ್ವೀಪದಲ್ಲಿ ಒಂಟಿಯಾಗಿ ಪ್ರಯಾಣಿಸುತ್ತಿದ್ದಾಗ ಜ್ವರ ಬಂದು ಸಾವಿನ ಅಂಚಿಗೆ ಹೋದರು. ಚೇತರಿಸಿಕೊಂಡ ಬಳಿಕ ಪಲೆರ್ಮೋದಿಂದ ಮಾರ್ಸೆಲ್ಸ್‌ಗೆ ಕಿತ್ತಳೆ ಹಣ್ಣು ಸಾಗಿಸುತ್ತಿದ್ದ ಹಾಯಿ ಹಡಗೊಂದನ್ನು ಹತ್ತಿದರು. ಬೊನಿಫಾಚಿಯೋ ಜಲಸಂಧಿಯ ಬಳಿ ಗಾಳಿ ಬಿದ್ದುಹೋಯಿತು. ಹಡಗು ಸುಮಾರು ಒಂದು ವಾರ ನಿಂತಲ್ಲೇ ನಿಂತಿತು. ಊರು ಸೇರುವ ತವಕ, ಮುಂದೇನೆಂಬ ಗೊಂದಲ. ಆ ದಿನಗಳಲ್ಲಿ ಬರೆದದ್ದೇ ಈ ಪ್ರಾರ್ಥನೆ. ಅದಕ್ಕೆ ನ್ಯೂಮನ್ ಕೊಟ್ಟ ಶೀರ್ಷಿಕೆ 'ಮೇಘಸ್ತಂಭ' ಎಂಬ ಅರ್ಥದ್ದು. ಇಸ್ರಯೇಲರನ್ನು ಮರುಭೂಮಿಯಲ್ಲಿ ನಡೆಸಿದ ಆ ಮೇಘ. ದಾರಿಯ ಕೊನೆಯವರೆಗೂ ಕಾಣಬೇಕೆಂಬ ಹಟ ಆ ಪ್ರಾರ್ಥನೆಯಲ್ಲಿಲ್ಲ. ಮುಂದಿನ ಹೆಜ್ಜೆಗಾಗುವಷ್ಟು ಬೆಳಕು ಸಿಕ್ಕರೆ ಅವರಿಗೆ ಸಾಕಿತ್ತು.

ಹಡಗಿಗೆ ಗಾಳಿ ಸಿಕ್ಕಿತು. ಪ್ರಾರ್ಥನೆಗೆ ಉತ್ತರ? ಅದು ಬಂದದ್ದು 1845ರ ಅಕ್ಟೋಬರ್ 9ರಂದು, ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದ ದಿನ ಎನ್ನಬೇಕು. ಅಲ್ಲಿಗೆ 12 ವರ್ಷ ಕಳೆದಿತ್ತು. ಈ 12 ವರ್ಷ ಅವರು ಕೈಕಟ್ಟಿ ಕುಳಿತಿರಲಿಲ್ಲ. ಆದಿಸಭೆಯ ಪಿತೃಗಳ ಗ್ರಂಥಗಳನ್ನು ಓದಿದರು. 1839ರಲ್ಲಿ ಪುರಾತನ ಪಾಷಂಡವಾದಗಳ ಚರಿತ್ರೆ ಓದುತ್ತಿದ್ದಾಗ, ತಮ್ಮ ನಿಲುವೇ ತಪ್ಪಿರಬಹುದೇ ಎಂಬ ಸಂಶಯ ಮೊದಲ ಬಾರಿಗೆ ಬಲವಾಗಿ ಕಾಡಿತು. 1841ರಲ್ಲಿ ಅವರು ಬರೆದ ಕಿರುಹೊತ್ತಗೆಯನ್ನು ಆಂಗ್ಲಿಕನ್ ಬಿಷಪರು ಖಂಡಿಸಿದರು. ಆಮೇಲೆ ಲಿಟಲ್‌ಮೋರ್ ಎಂಬ ಹಳ್ಳಿಗೆ ಸರಿದು, ಕೆಲವು ಗೆಳೆಯರೊಂದಿಗೆ ಉಪವಾಸ, ಮೌನ, ಜಪಗಳಲ್ಲಿ ದಿನ ಕಳೆದರು. ಕೊನೆಗೆ ನಿರ್ಧಾರ ಗಟ್ಟಿಯಾದಾಗ, ಬರೆಯುತ್ತಿದ್ದ ಮಹಾಗ್ರಂಥವನ್ನೂ ಅರ್ಧಕ್ಕೇ ಬಿಟ್ಟು ಎದ್ದರು.

ತೆತ್ತ ಬೆಲೆಯೂ ಸಣ್ಣದಲ್ಲ. ಆಕ್ಸ್‌ಫರ್ಡಿನ ಹುದ್ದೆ ಹೋಯಿತು, ಗೆಳೆಯರು ದೂರವಾದರು, ಒಡಹುಟ್ಟಿದ ಒಬ್ಬ ಸಹೋದರಿ ಮಾತು ಬಿಟ್ಟರು. ಕಥೋಲಿಕರಾದ ಮೇಲೂ ವರ್ಷಗಟ್ಟಲೆ ರೋಮ್ ಅವರನ್ನು ಸಂಶಯದಿಂದ ನೋಡಿತು. 1879ರಲ್ಲಿ ಪೋಪ್ 13ನೇ ಲಿಯೋರವರು ಕಾರ್ಡಿನಲ್ ಪದವಿ ಕೊಟ್ಟಾಗಲೇ ಆ ಮೋಡ ಸರಿದದ್ದು. ಈಗ ಇನ್ನೊಬ್ಬ ಲಿಯೋರವರಿಂದ ಈ ಬಿರುದು.

ನಮ್ಮಲ್ಲಿ ಜ್ಞಾನಕ್ಕಾಗಿ ಪ್ರಾರ್ಥನೆ ಎಂದರೆ ಬಹುಪಾಲು ಪರೀಕ್ಷೆಯ ಕಾಲದ ಪ್ರಾರ್ಥನೆ. ನೊವೇನಾ, ಮೇಣದ ಬತ್ತಿ, ಹಾಲ್ ಟಿಕೆಟ್‌ಗೆ ಆಶೀರ್ವಾದ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗುವಿನ ಭಯವನ್ನು ದೇವರ ಮುಂದಿಡುವುದು ಒಳ್ಳೆಯದೇ. ಆದರೆ ಅಂಕ ಬಂದ ಮೇಲೆ ಯಾವ ಕೋರ್ಸ್, ಊರಿನಲ್ಲಿ ಇರುವುದೋ ಗಲ್ಫಿಗೋ ಕೆನಡಾಕ್ಕೋ ಹೋಗುವುದೋ ಎಂಬ ದೊಡ್ಡ ಪ್ರಶ್ನೆ ಎದ್ದಾಗ ಪ್ರಾರ್ಥನೆ ಎಲ್ಲಿ ಹೋಗುತ್ತದೆ? ಅದನ್ನು ನೆಂಟರು, ಏಜೆಂಟರು ಮತ್ತು ಈಗ ಕೈಯಲ್ಲಿರುವ ಮೊಬೈಲ್ ತೀರ್ಮಾನಿಸುತ್ತವೆ. ದೊಡ್ಡವರಾದ ನಾವೂ ಕಡಿಮೆಯಿಲ್ಲ. ಸಭೆಯ ಆರಂಭದಲ್ಲಿ ಪವಿತ್ರಾತ್ಮರಿಗೆ ಒಂದು ಹಾಡು ಹಾಡಿ, ಮನೆಯಲ್ಲೇ ತೀರ್ಮಾನಿಸಿ ಬಂದದ್ದನ್ನು ಅನುಮೋದಿಸಿ ಚಹಾ ಕುಡಿದು ಏಳುತ್ತೇವೆ.

2025ರ ಜನವರಿ 28ರಂದು, ಅಕ್ವಿನಾಸರ ಹಬ್ಬದ ದಿನವೇ, ವ್ಯಾಟಿಕನ್ ಕೃತಕ ಬುದ್ಧಿಮತ್ತೆಯ ಬಗ್ಗೆ 'ಅಂತಿಕ್ವಾ ಎತ್ ನೋವಾ' ಎಂಬ ಟಿಪ್ಪಣಿ ಹೊರಡಿಸಿತು. ಯಂತ್ರದ ಲೆಕ್ಕಾಚಾರವೇ ಬೇರೆ, ಮನುಷ್ಯನ ಬುದ್ಧಿಯೇ ಬೇರೆ ಎಂದು ಅದು ವಿವರಿಸುತ್ತದೆ. ಯಂತ್ರವನ್ನು ಬಳಸಬಾರದೆಂದು ಅದು ಹೇಳಿಲ್ಲ, ನಾವೂ ಹೇಳುವುದಿಲ್ಲ. ಕಾಲೇಜುಗಳ ಪಟ್ಟಿ, ಶುಲ್ಕ, ಕೊನೆಯ ದಿನಾಂಕ ಇವೆಲ್ಲ ಕ್ಷಣದಲ್ಲಿ ಸಿಗಲಿ. ಆದರೆ ಲಿಟಲ್‌ಮೋರಿನಲ್ಲಿ ನ್ಯೂಮನ್ ಕೇಳಿಕೊಂಡ ಪ್ರಶ್ನೆ ಮಾಹಿತಿಯದ್ದಲ್ಲ. ಸತ್ಯವೆಂದು ಕಂಡದ್ದಕ್ಕಾಗಿ ಏನನ್ನು ಬಿಡಲು ನಾನು ಸಿದ್ಧ ಎಂಬುದು ಆ ಪ್ರಶ್ನೆ. ಜ್ಞಾನದ ಕೊರತೆಯುಳ್ಳವನು ದೇವರಲ್ಲಿ ಕೇಳಲಿ, ಅವರು ಧಾರಾಳವಾಗಿ ಕೊಡುವರು ಎಂಬುದು ಸಂತ ಯಕೋಬರ ಪತ್ರದ ಭರವಸೆ. ಯಾವ ತಾರೀಕಿಗೆ ಎಂದು ಅಲ್ಲಿ ಹೇಳಿಲ್ಲ.

ನಮ್ಮ ಧರ್ಮಪ್ರಾಂತದ ಶಾಲೆಗಳಲ್ಲಿ ಈ ಬಾರಿ ನ್ಯೂಮನ್‌ರ ಹೆಸರಿನಲ್ಲಿ ಭಾಷಣ ಸ್ಪರ್ಧೆಗಳು ನಡೆಯಬಹುದು, ಪೋಸ್ಟರ್‌ಗಳು ಬರಬಹುದು. ನಮ್ಮ ಕೋರಿಕೆ ಚಿಕ್ಕದು. ಮುಂದಿನ ಸಲ ಅಸೆಂಬ್ಲಿಯಲ್ಲಿ ಆ ಹಾಡನ್ನು ಹಾಡಿಸುವ ಮೊದಲು ಶಿಕ್ಷಕರು ಗಾಳಿಯಿಲ್ಲದೆ ನಿಂತ ಆ ಕಿತ್ತಳೆ ಹಡಗಿನ ಕಥೆಯನ್ನು ಮಕ್ಕಳಿಗೆ ಎರಡು ನಿಮಿಷ ಹೇಳಲಿ. ಆಮೇಲಿನ 12 ವರ್ಷಗಳ ಕಥೆಯನ್ನೂ ಬಿಡದೆ ಹೇಳಲಿ.